ಎಣ್ಣೆ ಮಾರಿದ ಹಣ ಯಾರಿಗೆ? ಮಕ್ಕಳ ಫೀಸು, ನಮ್ಮ ಮುಪ್ಪು

(ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: 2 ಅರಸುಗಳು 4:1–7, 2 ಕೊರಿಂಥ 12:14, ಮಾರ್ಕ 7:9–13)

ಕೂತ್ಕೊಳ್ಳಿ. ಹಿಂದೆ ನಿಂತಿರೋ ಬ್ರದರ್ಸ್, ಮುಂದೆ ಕುರ್ಚಿ ಖಾಲಿ ಇದೆ, ಬನ್ನಿ. ಚಿಕ್ಕ ಮಕ್ಕಳನ್ನ ಸಂಡೇ ಸ್ಕೂಲ್ ರೂಮಿಗೆ ಕಳಿಸಿ. ಇವತ್ತು ಮಾತಾಡೋದು ಅವರ ಖರ್ಚಿನ ವಿಷಯ, ಅವರು ಕೇಳಿಸ್ಕೊಳ್ಳೋದು ಬೇಡ.

ಕಳೆದ ತಿಂಗಳು ಪ್ರಾರ್ಥನಾ ವಿನಂತಿಯ ಡಬ್ಬದಲ್ಲಿ ಒಂದು ಚೀಟಿ ಸಿಕ್ಕಿತು. ಹೆಸರಿರಲಿಲ್ಲ. "ಪಾಸ್ಟರ್, ಮಗನ ಒಂದನೇ ಕ್ಲಾಸ್ ಅಡ್ಮಿಷನ್‌ಗೆ ಪಿಎಫ್ ತೆಗೀಬೇಕಾ ಬೇಡ್ವಾ? ದೇವರ ಚಿತ್ತ ತಿಳಿಸಿ." ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆ ನನ್ನ ಮುಂದೆಯೂ ಬಂದಿತ್ತು. ಆಗ ನಾನು ದೇವರನ್ನೂ ಕೇಳಲಿಲ್ಲ, ಹೆಂಡತಿಯನ್ನೂ ಕೇಳಲಿಲ್ಲ. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಸತ್ಯವೇದ ತೆರೆಯಿರಿ, 2 ಅರಸುಗಳು ನಾಲ್ಕನೇ ಅಧ್ಯಾಯ.

ಕಥೆ ನಿಮಗೆಲ್ಲ ಗೊತ್ತು. ಪ್ರವಾದಿಮಂಡಳಿಯಲ್ಲಿದ್ದ ಒಬ್ಬ ಸತ್ತುಹೋಗಿದ್ದಾನೆ. ಅವನ ಹೆಂಡತಿ ಎಲೀಷನ ಹತ್ತಿರ ಬಂದು ಅಳ್ತಾಳೆ. ಸಾಲ ಕೊಟ್ಟವನು ಬಂದಿದ್ದಾನೆ, ನನ್ನ ಇಬ್ಬರು ಗಂಡುಮಕ್ಕಳನ್ನ ಜೀತಕ್ಕೆ ಹಿಡ್ಕೊಂಡು ಹೋಗ್ತಾನೆ ಅಂತ. ಮನೆಯಲ್ಲಿ ಏನಿದೆ ಅಂದರೆ ಒಂದು ಮೊಗೆ ಎಣ್ಣೆ. ನೆರೆಮನೆಗಳಿಂದ ಖಾಲಿ ಪಾತ್ರೆ ತಂದು, ಬಾಗಿಲು ಮುಚ್ಚಿ, ಸುರೀತಾ ಹೋಗ್ತಾಳೆ. ಪಾತ್ರೆ ಮುಗಿಯುವವರೆಗೂ ಎಣ್ಣೆ ನಿಲ್ಲಲ್ಲ.

ಈ ಭಾಗದ ಮೇಲೆ ನಾವು ಎಷ್ಟು ಪ್ರಸಂಗ ಕೇಳಿದ್ದೀವಿ! ಪಾತ್ರೆ ತನ್ನಿರಿ, ಅಭಿಷೇಕ ತುಂಬುತ್ತೆ ಅಂತ ನಾನೇ ಮೂರು ಸಲ ಸಾರಿದ್ದೀನಿ. ಆದರೆ ಆರನೇ ವಚನಕ್ಕೇ ನಿಲ್ಲಿಸಿಬಿಡ್ತೀವಿ. ಏಳನೇ ವಚನದಲ್ಲಿ ಪವಾಡ ಇಲ್ಲ, ಲೆಕ್ಕ ಇದೆ. ಪ್ರವಾದಿ ಮೂರು ಕೆಲಸ ಹೇಳ್ತಾನೆ. ಎಣ್ಣೆ ಮಾರು. ಸಾಲ ತೀರಿಸು. ಉಳಿದದ್ದರಲ್ಲಿ ನೀನು ಮತ್ತು ನಿನ್ನ ಮಕ್ಕಳು ಬದುಕಿರಿ. ಅವಳು ಬಂದು ಅತ್ತಿದ್ದು ಮಕ್ಕಳಿಗೋಸ್ಕರ. ತನಗೆ ಊಟ ಇಲ್ಲ, ತನಗೆ ಮುಂದೇನು ಅಂತ ಒಂದು ಮಾತೂ ಆಡಲಿಲ್ಲ. ತಾಯಂದಿರು ಹಾಗೇ. ಆದರೆ ಎಲೀಷ ಲೆಕ್ಕ ಹಾಕುವಾಗ ಅವಳನ್ನ ಬಿಡಲಿಲ್ಲ. ಉಳಿದ ಹಣದಲ್ಲಿ ತಾಯಿಗೂ ಪಾಲಿದೆ, ಅದೂ ಮೊದಲು ಅವಳ ಹೆಸರು.

ಇದು ಯಾಕೆ ನನಗೆ ಚುಚ್ಚಿತು ಅಂತ ಹೇಳ್ಬೇಕಾದರೆ ನಮ್ಮ ಅಮ್ಮನ ವಿಷಯ ಹೇಳ್ಬೇಕು.

ಯೆಲ್ಲೋ ಲೈನ್ ಶುರುವಾದ ಮೇಲೆ, ಅಂದರೆ 2025ರ ಆಗಸ್ಟ್‌ನಿಂದ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು ಜಾಸ್ತಿ ಬರ್ತಿದ್ದೀರಿ, ದೇವರಿಗೆ ಸ್ತೋತ್ರ. ನೀವು ಬರೋ ದಾರಿಯಲ್ಲಿ ಬೊಮ್ಮನಹಳ್ಳಿ ಸ್ಟೇಷನ್ ಸಿಗುತ್ತೆ. ಮುಂದಿನ ಸಲ ಅಲ್ಲಿ ಫೋನಿಂದ ತಲೆ ಎತ್ತಿ ಕೆಳಗಿನ ಹೊಸೂರು ರಸ್ತೆ ನೋಡಿ. 2016ರ ಏಪ್ರಿಲ್ 18, ಸೋಮವಾರ, ಆ ರಸ್ತೆ ತುಂಬ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಊಟದ ಡಬ್ಬಿ ಬ್ಯಾಗು ಹೆಗಲಲ್ಲೇ ಇತ್ತು. ಮಾರನೇ ದಿನ ಪೀಣ್ಯ, ಜಾಲಹಳ್ಳಿ, ತುಮಕೂರು ರಸ್ತೆ. ಯಾವ ದೊಡ್ಡ ಲೀಡರ್ ಕರೆದಿರಲಿಲ್ಲ, ತಾವೇ ಬಂದಿದ್ದರು. ಕಾರಣ ಒಂದು ಸರ್ಕಾರಿ ಆದೇಶ. ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಪಿಎಫ್ ನಿಯಮ ಬದಲಾಯಿಸಿತ್ತು. ಕೆಲಸ ಬಿಟ್ಟರೂ ಸರಿ, ಕಂಪನಿ ಕಟ್ಟಿದ ಪಾಲನ್ನ 58 ವರ್ಷ ಆಗೋವರೆಗೂ ಮುಟ್ಟುವ ಹಾಗಿಲ್ಲ.

ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಬೆಂಕಿ ಹಚ್ಚಿದವರನ್ನ ನಾನು ಸಮರ್ಥಿಸಲ್ಲ. ಆದರೆ 19ರ ಸಂಜೆ ಹೊತ್ತಿಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಆದೇಶ ಹಿಂದಕ್ಕೆ ತಗೊಂಡಿದ್ದೀವಿ ಅಂತ ಹೇಳಬೇಕಾಯಿತು. ಇಡೀ ದೇಶದ ನಿಯಮವನ್ನ ಬೆಂಗಳೂರಿನ ಟೈಲರ್ ಅಕ್ಕಂದಿರು ಎರಡು ದಿನದಲ್ಲಿ ತಿರುಗಿಸಿದರು.

ಅವತ್ತು ನಾನು ವೈಟ್‌ಫೀಲ್ಡ್‌ನಲ್ಲಿ ಆಫೀಸ್ ಕ್ಯಾಂಟೀನ್ ಟಿವಿಯಲ್ಲಿ ಇದನ್ನ ನೋಡ್ತಾ ಕೂತಿದ್ದೆ. ಅಮ್ಮ ಪೀಣ್ಯದಲ್ಲಿ ಮೆಷಿನ್ ಮೇಲೆ ಕೆಲಸ ಮಾಡ್ತಿದ್ದಳು. ಫೋನ್ ಮಾಡಿದೆ. ಹಿಂದೆ ಗಲಾಟೆ ಕೇಳಿಸ್ತಿತ್ತು, ಅವಳೂ ರಸ್ತೆಯಲ್ಲೇ ಇದ್ದಳು. ನಾನು ಓದಿದವನ ಧಾಟಿಯಲ್ಲಿ ಹೇಳಿದೆ, "ಅಮ್ಮಾ, ಅದು ನಿನ್ನ ಒಳ್ಳೇದಕ್ಕೇ ಮಾಡಿರೋ ರೂಲು. ವಯಸ್ಸಾದಾಗ ದುಡ್ಡಿರಲಿ ಅಂತ." ಅಮ್ಮ ಹೇಳಿದಳು, "ನನ್ನ ಒಳ್ಳೇದು ಅಂದ್ರೆ ಜೂನ್‌ನಲ್ಲಿ ನಿನ್ ತಂಗಿ ನರ್ಸಿಂಗ್ ಫೀಸು ಕಟ್ಟೋದು ಕಣೋ. ಐವತ್ತೆಂಟರ ತನಕ ನನ್ನನ್ನ ಮೆಷಿನ್ ಮುಂದೆ ಯಾರು ಕೂರಿಸ್ತಾರೆ? ಕಣ್ಣು ಈಗಲೇ ಸೂಜಿ ಕಾಣಲ್ಲ." ಅಷ್ಟು ಹೇಳಿ ಕಟ್ ಮಾಡಿದಳು.

ನಾನು ಮಾತಿಲ್ಲದೆ ಕೂತೆ. ಯಾಕಂದ್ರೆ ಒಂದು ವರ್ಷದ ಹಿಂದೆ ನಾನೇ ನನ್ನ ಪಿಎಫ್ ಪೂರ್ತಿ ಎತ್ತಿಬಿಟ್ಟಿದ್ದೆ. ಅಮ್ಮನಿಗೆ ಉಪದೇಶ ಮಾಡೋ ಯೋಗ್ಯತೆಯೇ ನನಗಿರಲಿಲ್ಲ.

ಈಗ ಅಮ್ಮನ ಲೆಕ್ಕ ಕೇಳಿ. ಆಗ ಸಂಬಳ ಏಳು ಸಾವಿರದ ಆಸುಪಾಸು. ಅದರಲ್ಲಿ 12 ಪರ್ಸೆಂಟ್, 840 ರೂಪಾಯಿ ಅವಳ ಪಾಲು ಪಿಎಫ್‌ಗೆ ಹಿಡೀತಿದ್ದರು. ಕಂಪನಿಯೂ 12 ಕೊಡುತ್ತೆ, ಆದರೆ ಅದರಲ್ಲಿ 8.33 ಪರ್ಸೆಂಟ್ ಪೆನ್ಷನ್ ಸ್ಕೀಮಿಗೆ ಹೋಗುತ್ತೆ, 3.67 ಮಾತ್ರ ಪಿಎಫ್‌ಗೆ. ಈ ಎರಡು ಬೇರೆ ಬೇರೆ ಡಬ್ಬ ಅಂತ ಅಮ್ಮನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಇಂಜಿನಿಯರಿಂಗ್ ಓದಿದ್ದೆ ಅಷ್ಟೇ. ಪೆನ್ಷನ್ ಬರಬೇಕಾದರೆ ಹತ್ತು ವರ್ಷ ಸರ್ವಿಸ್ ಆಗಿರಬೇಕು. ಅಮ್ಮ 1996ರಲ್ಲಿ ಸೇರಿದವಳು. 2002ರಲ್ಲಿ ನನ್ನ ಇಂಜಿನಿಯರಿಂಗ್ ಸೀಟಿಗೆ ಕೆಲಸ ಬಿಟ್ಟು ಎಲ್ಲಾ ಎತ್ತಿದಳು, ಎರಡು ತಿಂಗಳು ಕಳೆದು ಬೇರೆ ಫ್ಯಾಕ್ಟರಿ ಸೇರಿದಳು. 2009ರಲ್ಲಿ ಅಪ್ಪನ ಆಸ್ಪತ್ರೆಗೆ ಮತ್ತೆ ಹಾಗೇ. 2016ರಲ್ಲಿ ತಂಗಿಗೆ ಮತ್ತೆ. ಆರು ವರ್ಷ, ಏಳು ವರ್ಷ, ಏಳು ವರ್ಷ. ಆಮೇಲೆ 2020ರ ಲಾಕ್‌ಡೌನ್‌ವರೆಗೆ ಇನ್ನೊಂದು ನಾಲ್ಕು. ಒಟ್ಟು 24 ವರ್ಷ ಹೊಲಿದಳು. ಪ್ರತಿ ಸಲ ಪಿಎಫ್ ಜೊತೆ ಪೆನ್ಷನ್ ಡಬ್ಬವನ್ನೂ ಖಾಲಿ ಮಾಡಿಸಿಕೊಂಡಿದ್ದರಿಂದ ಪ್ರತಿ ಸಲ ಸರ್ವಿಸ್ ಸೊನ್ನೆಯಿಂದ ಶುರು. ಇವತ್ತು ಅವಳಿಗೆ ಬರುವ ಪಿಎಫ್ ಪೆನ್ಷನ್ ಸೊನ್ನೆ.

ಪಿಎಫ್ ಎತ್ತಿಕೊಂಡರೂ ಪೆನ್ಷನ್ ಸರ್ವಿಸನ್ನ ಉಳಿಸಿಕೊಳ್ಳೋಕೆ ಸ್ಕೀಮ್ ಸರ್ಟಿಫಿಕೇಟ್ ಅಂತ ಒಂದಿದೆ. ಹತ್ತು ವರ್ಷದೊಳಗೆ ಕೆಲಸ ಬಿಟ್ಟವರು ಹಣ ತಗೊಳ್ಳೋ ಬದಲು ಆ ಸರ್ಟಿಫಿಕೇಟ್ ತಗೊಂಡರೆ ಮುಂದಿನ ಕೆಲಸದ ಸರ್ವಿಸ್ ಅದಕ್ಕೆ ಕೂಡುತ್ತೆ. ಇದನ್ನ ಅಮ್ಮನಿಗೆ ಯಾರೂ ಹೇಳಲಿಲ್ಲ. ಫಾರ್ಮ್ ತುಂಬಿಕೊಡುವವನು ಕಮಿಷನ್ ತಗೊಂಡು ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡ. ಹೇಳಿದ್ದಿದ್ದರೆ? ಪೆನ್ಷನ್ ಲೆಕ್ಕ ಸರಳ, ಕೊನೆಯ ಐದು ವರ್ಷದ ಸರಾಸರಿ ಸಂಬಳವನ್ನ ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸೋದು. ಒಂಬತ್ತು ಸಾವಿರ, 24 ವರ್ಷ ಅಂತ ಹಿಡೀರಿ, ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ದೊಡ್ಡ ದುಡ್ಡಲ್ಲ, ನಿಮ್ಮಲ್ಲಿ ಕೆಲವರ ವೀಕೆಂಡ್ ಸ್ವಿಗ್ಗಿ ಬಿಲ್ಲು. ಆದರೆ ಕೇಳಿ.

ಎರಡು ವರ್ಷದ ಹಿಂದೆ ಹೂಡಿಯಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿದ್ದೆ. ಅಂಗಡಿಯವನು, "ಸರ್, ನಿಮ್ಮಮ್ಮ ಶುಗರ್ ಮಾತ್ರೆ ಹತ್ತತ್ತೇ ತಗೊಂಡು ಹೋಗ್ತಾರೆ, ಅದೂ ಇಪ್ಪತ್ತು ದಿನಕ್ಕೆ ಒಂದು ಸಲ. ಡಾಕ್ಟರ್ ದಿನಾ ಬರೆದಿದ್ದಾರಲ್ಲ?" ಅಂದ. ಮನೆಗೆ ಬಂದು ಕೇಳಿದೆ. ಅಮ್ಮ ದಿನ ಬಿಟ್ಟು ದಿನ ನುಂಗ್ತಿದ್ದಳು. "ನಿನಗೆ ಪುಟ್ಟಿ ಸ್ಕೂಲಿದೆ, ಮನೆ ಲೋನಿದೆ. ನಂಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಅಂದಳು. ನನ್ನನ್ನ ಓದಿಸೋಕೆ ಪೆನ್ಷನ್ ಕಳಕೊಂಡವಳು, ಆ ಓದಿನಿಂದ ಬಂದ ಸಂಬಳದಲ್ಲಿ ಒಂದು ಸ್ಟ್ರಿಪ್ ಮಾತ್ರೆ ಕೇಳೋಕೆ ಸಂಕೋಚ ಪಡ್ತಿದ್ದಳು. ಪ್ರಿಯರೇ, ಅವತ್ತು ರಾತ್ರಿ ನನಗೆ ಪ್ರಾರ್ಥನೆ ಬರಲಿಲ್ಲ. (ಈಗ ಜನೌಷಧಿ ಕೇಂದ್ರದಿಂದ ಮೂರು ತಿಂಗಳದ್ದು ಒಟ್ಟಿಗೆ ತರ್ತೀನಿ, ಬೆಲೆ ತುಂಬಾ ಕಮ್ಮಿ. ಅಪ್ಪ ಅಮ್ಮಂದಿರಿಗೆ ಬಿಪಿ ಶುಗರ್ ಇರುವವರು ದಯವಿಟ್ಟು ವಿಚಾರಿಸಿ.)

ಹಾಗಾದರೆ ಅಮ್ಮ ಮಾಡಿದ್ದು ತಪ್ಪಾ? ಅಲ್ಲ. ಇದನ್ನ ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ಐಟಿ ಕೆಲಸದಲ್ಲಿರೋ ನಮಗೆ ಬಡವರ ಖರ್ಚಿನ ಬಗ್ಗೆ ತೀರ್ಪು ಕೊಡೋ ಚಟ ಇದೆ. ಏಳು ಸಾವಿರದಲ್ಲಿ ಮನೆ ನಡೆಸುವವಳಿಗೆ ಕೈಗೆ ಸಿಗೋ ಒಟ್ಟು ಹಣ ಅಂದರೆ ಪಿಎಫ್ ಒಂದೇ. ಚೀಟಿ ಹಾಕಿದರೆ ಓಡಿಹೋಗ್ತಾರೆ, ಮೀಟರ್ ಬಡ್ಡಿಗೆ ತಗೊಂಡರೆ ಮನೆ ಮುಂದೆ ಬಂದು ಕೂರ್ತಾರೆ. ಯೋಸೇಫನ ಕಥೆ ನೆನೆಸಿಕೊಳ್ಳಿ, ಆದಿಕಾಂಡ 41. ಸುಭಿಕ್ಷದ ಏಳು ವರ್ಷ ಐದರಲ್ಲಿ ಒಂದು ಪಾಲು ಕೂಡಿಟ್ಟ, ಜ್ಞಾನಿ ಅಂತ ಹೊಗಳ್ತೀವಿ. ಸರಿ. ಆದರೆ 47ನೇ ಅಧ್ಯಾಯಕ್ಕೆ ಬಂದರೆ ಅದೇ ಧಾನ್ಯ ಕೊಳ್ಳೋಕೆ ಜನ ದನ ಕೊಟ್ಟರು, ಹೊಲ ಕೊಟ್ಟರು, ಕೊನೆಗೆ ತಮ್ಮನ್ನೇ ಫರೋಹನಿಗೆ ಮಾರಿಕೊಂಡರು. ಯಾಕೆ? ಧಾನ್ಯ ಇದ್ದದ್ದು ಫರೋಹನ ಉಗ್ರಾಣದಲ್ಲಿ, ಅವರ ಮನೆಯಲ್ಲಲ್ಲ. ರಸ್ತೆಗೆ ಬಂದ ಅಕ್ಕಂದಿರ ಭಯವೂ ಅದೇ. ಬೇರೆಯವರ ಉಗ್ರಾಣದಲ್ಲಿ ಬೀಗ ಹಾಕಿದ್ದು ಬೇಕಾದಾಗ ಸಿಗುತ್ತಾ? ಅವರ ಸಂಬಳ ಸರಿಯಿದ್ದಿದ್ದರೆ ಫೀಸಿಗೆ ಪಿಎಫ್ ಮುರಿಯೋ ಪ್ರಸಂಗವೇ ಬರ್ತಿರಲಿಲ್ಲ. ನಮ್ಮಲ್ಲಿ ಯಾರಾದರೂ ಫ್ಯಾಕ್ಟರಿ ಎಚ್‌ಆರ್‌ನಲ್ಲಿದ್ದರೆ, ಆ ಸ್ಕೀಮ್ ಸರ್ಟಿಫಿಕೇಟ್ ವಿಷಯವನ್ನ ಕನ್ನಡದಲ್ಲಿ ಒಂದು ಹಾಳೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ. ಅದೂ ಸೇವೆಯೇ.

ತಪ್ಪು ಮಾಡಿದ್ದು ನಾನು. ಅದನ್ನ ಹೇಳ್ತೀನಿ ಅಂದಿದ್ದೆ.

2015. ಎಂಟು ವರ್ಷ ಕೆಲಸ ಮಾಡಿದ ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದ್ದೆ. ಪಿಎಫ್‌ನಲ್ಲಿ ಮೂರು ಲಕ್ಷ ಇತ್ತು. ಮಗಳಿಗೆ ಮೂರೂವರೆ ವರ್ಷ. ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಒಂದು ಸ್ಕೂಲಿನ ಹೆಸರು ಹೇಳ್ತಿದ್ದರು. ಕುದುರೆ ಸವಾರಿ ಕಲಿಸ್ತಾರಂತೆ, ಎಲ್‌ಕೆಜಿಗೇ. ಅಡ್ಮಿಷನ್, ಫೀಸು, ವ್ಯಾನು ಎಲ್ಲಾ ಸೇರಿ ಸುಮಾರು ಎರಡು ಲಕ್ಷ. ಪಿಎಫ್ ಎತ್ತುವ ಫಾರ್ಮ್ ತುಂಬಿದೆ. ಅದರಲ್ಲಿ ಎರಡು ತಿಂಗಳಿಂದ ಎಲ್ಲೂ ಕೆಲಸದಲ್ಲಿಲ್ಲ ಅಂತ ಒಪ್ಪಿಗೆ ಕೊಡಬೇಕು. ಹೊಸ ಆಫೀಸಿನ ಕುರ್ಚಿಯಲ್ಲಿ ಕೂತುಕೊಂಡೇ ಸಹಿ ಹಾಕಿದೆ. ಎಲ್ಲರೂ ಮಾಡ್ತಾರೆ ಅಂದುಕೊಂಡೆ. ಅದು ಸುಳ್ಳು, ನಾನು ಆಗ ಈ ಸಭೆಯಲ್ಲಿ ಆರಾಧನೆ ನಡೆಸ್ತಿದ್ದೆ. ಉಳಿದ ಒಂದು ಲಕ್ಷ ಏನಾಯಿತು? ಕಾರಿನ ಡೌನ್ ಪೇಮೆಂಟ್. ಮನೆಯಲ್ಲಿ ಮಾತ್ರ ಎಲ್ಲಾ "ಮಗಳಿಗೋಸ್ಕರ" ಅಂತ ಹೇಳಿದೆ. ತಮ್ಮಂದಿರೇ, ತಂಗಿಯರೇ, ಮಕ್ಕಳ ಹೆಸರಿನಲ್ಲಿ ನಾವು ಮಾಡೋ ಖರ್ಚನ್ನೆಲ್ಲ ಮಕ್ಕಳು ಕೇಳಿರಲ್ಲ.

ಲೆಕ್ಕ ಹಾಕಿ ನೋಡಿದ್ದೀನಿ. ಆ ಮೂರು ಲಕ್ಷ ಮುಟ್ಟದೆ ಬಿಟ್ಟಿದ್ದರೆ, ಎಂಟು ಪರ್ಸೆಂಟ್ ಬಡ್ಡಿ ಅಂತ ಹಿಡಿದರೂ ನನಗೆ 58 ಆಗೋ ಹೊತ್ತಿಗೆ ಸುಮಾರು 24 ಲಕ್ಷ. ಯೂಟ್ಯೂಬ್‌ನವರು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಗೋತಾರೆ. ನಾನು ಪೂರ್ತಿ ಹೇಳ್ತೀನಿ. ಬೆಲೆ ಏರಿಕೆ ವರ್ಷಕ್ಕೆ ಆರು ಪರ್ಸೆಂಟ್ ಇದ್ದರೆ ಆ 24 ಲಕ್ಷಕ್ಕೆ ಎತ್ತಿದ ದಿನದ ಬೆಲೆಯಲ್ಲಿ ಸಿಗೋದು ಐದು ಲಕ್ಷದಷ್ಟು ಸಾಮಾನು. ಕೋಟ್ಯಧಿಪತಿ ಏನೂ ಆಗ್ತಿರಲಿಲ್ಲ. ಆದರೂ ಅದು ಎಷ್ಟೋ ವರ್ಷದ ಮಾತ್ರೆ. ಪೆನ್ಷನ್ ಡಬ್ಬದ ಎಂಟು ವರ್ಷವೂ ಹೋಯಿತು, ಅಮ್ಮನ ಹಾಗೇ. ಅಮ್ಮನಿಗೆ ಬೇರೆ ದಾರಿ ಇರಲಿಲ್ಲ, ನನಗಿತ್ತು.

ಈಗ ನೀವು ವಾಕ್ಯ ತೋರಿಸ್ತೀರಿ, ಗೊತ್ತು. 2 ಕೊರಿಂಥ 12:14. ಮಕ್ಕಳು ತಂದೆತಾಯಿಗಳಿಗೆ ಕೂಡಿಡಬೇಕಾಗಿಲ್ಲ, ತಂದೆತಾಯಿಗಳೇ ಮಕ್ಕಳಿಗೆ ಕೂಡಿಡಬೇಕು ಅನ್ನೋ ಅರ್ಥದ ಮಾತು ಅಲ್ಲಿದೆ. "ನೋಡಿ ಪಾಸ್ಟರ್, ಎಲ್ಲಾ ಮಕ್ಕಳಿಗೇ ಅಂತ ಬರೆದಿದೆ." ಆದರೆ ಅದೇ ವಚನದ ಮೊದಲ ಭಾಗ ಓದಿ. ಪೌಲನು ಮೂರನೇ ಸಲ ಕೊರಿಂಥಕ್ಕೆ ಹೊರಟಿದ್ದಾನೆ, ಈ ಸಲವೂ ನಿಮಗೆ ಭಾರವಾಗಲ್ಲ ಅಂತಿದ್ದಾನೆ. ಮಕ್ಕಳಿಗೆ ಕೂಡಿಡುವ ಮಾತು ಬಂದದ್ದೇ ಭಾರವಾಗದೆ ಇರುವ ಮಾತಿಗೆ ಆಧಾರವಾಗಿ. ಅಂದರೆ ನಿಮ್ಮ ಮುಪ್ಪಿಗೆ ನೀವು ಇಟ್ಟುಕೊಂಡ ಹಣವೂ ಮಕ್ಕಳಿಗೆ ಕೂಡಿಟ್ಟದ್ದೇ. ನಿಮ್ಮ ಮಗಳಿಗೆ ಮೂವತ್ತೈದು ಆದಾಗ, ಅವಳ ಮಗುವಿನ ಫೀಸು ಮತ್ತು ನಿಮ್ಮ ಮಂಡಿ ಆಪರೇಷನ್ ಒಂದೇ ತಿಂಗಳಲ್ಲಿ ಬಂದರೆ, ಅವಳು ಯಾವುದನ್ನ ಆರಿಸಬೇಕು? ಆ ವಿಧವೆಯ ಮಕ್ಕಳನ್ನ ಎಳೆದುಕೊಂಡು ಹೋಗೋಕೆ ಬಂದದ್ದು ಅಪ್ಪ ಬಿಟ್ಟುಹೋದ ಸಾಲಕ್ಕೆ. ನಾವು ಬ್ಯಾಂಕಿನ ಸಾಲ ಬಿಟ್ಟುಹೋಗದೇ ಇರಬಹುದು, ನಮ್ಮನ್ನೇ ಸಾಲವಾಗಿ ಬಿಟ್ಟುಹೋಗ್ತೀವಿ.

ಇದನ್ನ ಕೇಳಿ, ಹಾಗಾದರೆ ಅಪ್ಪ ಅಮ್ಮ ಅವರ ವ್ಯವಸ್ಥೆ ಅವರು ಮಾಡ್ಕೊಳ್ಳಬೇಕಿತ್ತು ಅಂತ ಯಾರಾದರೂ ಖುಷಿಪಟ್ಟರೆ, ತಡೀರಿ. 1 ತಿಮೊಥೆ 5:4 ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳ್ತದೆ, ಹೆತ್ತವರ ಋಣ ತೀರಿಸೋದನ್ನ ಮೊದಲು ಕಲಿಯಿರಿ ಅಂತ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಅದನ್ನೇ ಹೇಳುತ್ತೆ, ಪೋಷಣೆ ಕೊಡದ ಮಕ್ಕಳ ಮೇಲೆ ತಂದೆತಾಯಿ ಟ್ರಿಬ್ಯೂನಲ್‌ಗೆ ಹೋಗಬಹುದು. ಮಾರ್ಕ 7ರಲ್ಲಿ ಯೇಸು ಸ್ವಾಮಿ ಯಾರ ಮೇಲೆ ಕೋಪಗೊಂಡರು? ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನ ಕೊರ್ಬಾನ್, ದೇವರ ಕಾಣಿಕೆ ಅಂತ ಹೆಸರಿಟ್ಟು ತಪ್ಪಿಸಿಕೊಂಡವರ ಮೇಲೆ. ಆದ್ದರಿಂದ ಈ ಪುಲ್ಪಿಟ್‌ನಿಂದಲೇ ಹೇಳ್ತೀನಿ. ನಿಮ್ಮ ತಾಯಿಯ ಮಾತ್ರೆ ದುಡ್ಡನ್ನ ಬಿಲ್ಡಿಂಗ್ ಫಂಡಿಗೆ ಹಾಕಬೇಡಿ. ನಮಗೆ ಬೇಡ. ಖಜಾಂಚಿ ಅಣ್ಣ ನನ್ನನ್ನ ನೋಡ್ತಿದ್ದಾರೆ, ಪರವಾಗಿಲ್ಲ.

ನಮ್ಮ ಪೆಂತೆಕೋಸ್ತ್ ಸಭೆಗಳಲ್ಲಿ ಇನ್ನೊಂದು ಮಾತಿದೆ. ಕರ್ತನು ಬೇಗ ಬರ್ತಾನೆ, ರಿಟೈರ್‌ಮೆಂಟ್ ಯಾಕೆ? ನಾಳೆಯ ಚಿಂತೆ ಮಾಡಬೇಡಿ ಅಂತ ಮತ್ತಾಯ 6ರಲ್ಲಿ ಇದೆಯಲ್ಲ? ಬರ್ತಾನೆ, ಆಮೆನ್. ಆದರೆ ಹಾಗೆ ನಂಬಿರುವ ನಾವೇ ಇಪ್ಪತ್ತು ವರ್ಷದ ಹೋಮ್ ಲೋನಿಗೆ ಸಹಿ ಹಾಕಿದ್ದೀವಿ. ಅಲ್ಲಿ ಬೇಡ ಅಂದದ್ದು ಚಿಂತೆ, ಲೆಕ್ಕ ಅಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ನೋಡ್ತಾನೆ ಅಂತ ಲೂಕ 14ರಲ್ಲಿ ಹೇಳಿದವರೂ ಯೇಸುವೇ. ಮತ್ತೆ ಈ ವಿಧವೆಯ ಗಂಡ ಯಾರು? ದೇವರಿಗೆ ಭಯಪಡುವ ಮನುಷ್ಯ, ಸೇವಕ. ಅವನ ಭಕ್ತಿಯಲ್ಲಿ ಕೊರತೆ ಇತ್ತು ಅಂತ ವಾಕ್ಯ ಹೇಳಲ್ಲ. ಭಕ್ತಿವಂತನ ಹೆಂಡತಿಯೂ ಸಾಲಗಾರನ ಮುಂದೆ ನಿಲ್ಲಬಹುದು. ಪಿಎಫ್ ಇಲ್ಲ, ಇನ್ಶೂರೆನ್ಸ್ ಇಲ್ಲ ಅನ್ನೋ ಎಷ್ಟೋ ಪಾಸ್ಟರಮ್ಮಂದಿರು ನನಗೆ ಗೊತ್ತು. ಸಭೆಗಳು ಇದನ್ನ ಯೋಚಿಸಬೇಕು, ಅದು ಇನ್ನೊಂದು ದಿನದ ಪ್ರಸಂಗ.

ಈಗ ಚೀಟಿ ಬರೆದ ಬ್ರದರ್ ಅಥವಾ ಸಿಸ್ಟರ್‌ಗೆ ಉತ್ತರ ಕೊಡಬೇಕು.

ನಿಯಮ ಮತ್ತೆ ಬದಲಾಗ್ತಿದೆ. 2025ರ ಅಕ್ಟೋಬರ್ 13ರಂದು ಪಿಎಫ್‌ನ ಕೇಂದ್ರ ಟ್ರಸ್ಟಿಗಳ ಮಂಡಳಿ ಹೊಸ ವ್ಯವಸ್ಥೆ ಒಪ್ಪಿಕೊಂಡಿತು. ಓದಿಗೆ ಹತ್ತು ಸಲ, ಮದುವೆಗೆ ಐದು ಸಲ ತೆಗೆಯಬಹುದು, ಹನ್ನೆರಡು ತಿಂಗಳ ಸರ್ವಿಸ್ ಇದ್ದರೆ ಸಾಕು. ಆದರೆ 25 ಪರ್ಸೆಂಟ್ ಖಾತೆಯಲ್ಲಿ ಉಳಿದಿರಲೇಬೇಕು. ಕೆಲಸ ಹೋದರೆ ಪೂರ್ತಿ ಹಣಕ್ಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು, ಪೆನ್ಷನ್ ಡಬ್ಬಕ್ಕೆ 36 ತಿಂಗಳು. 2016ರಲ್ಲಿ ಒಂದೇ ಏಟಿಗೆ ಬೀಗ ಹಾಕೋಕೆ ಹೋದರು. ಈಗ ಬಾಗಿಲು ದೊಡ್ಡದಾಗಿ ತೆರೆದು, ಒಳಗೆ ಒಂದು ಚಿಕ್ಕ ಪೆಟ್ಟಿಗೆಗೆ ಮಾತ್ರ ಬೀಗ ಹಾಕ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಆ ಚಿಕ್ಕ ಪೆಟ್ಟಿಗೆ ಒಳ್ಳೇದೇ, ಆದರೆ ದೊಡ್ಡ ಬಾಗಿಲು ನನಗೆ ಭಯ. ಓದಿಗೆ ಹತ್ತು ಸಲ ಅಂದರೆ, ಎಲ್‌ಕೆಜಿಯಿಂದ ಎಂಟನೇ ಕ್ಲಾಸಿಗೇ ಹತ್ತು ಸಲ ಮುಗಿದುಹೋಗುತ್ತೆ.

ಒಂದನೇ ಕ್ಲಾಸಿಗೆ ಪಿಎಫ್ ಮುರಿಯಬೇಡಿ. ಇದು ನನ್ನ ಸಲಹೆ, ದರ್ಶನ ಅಲ್ಲ. ಪ್ರತಿ ವರ್ಷ ಬರೋ ಖರ್ಚನ್ನ ಪ್ರತಿ ತಿಂಗಳ ಸಂಬಳದಿಂದ ಕಟ್ಟೋಕೆ ಆಗ್ತಿಲ್ಲ ಅಂದರೆ ಆ ಸ್ಕೂಲು ನಿಮ್ಮ ಸಂಬಳಕ್ಕೆ ದೊಡ್ಡದು. ಮುಂದಿನ ವರ್ಷ ಎರಡನೇ ಕ್ಲಾಸಿಗೆ ಏನು ಮುರೀತೀರಿ? ಡಿಗ್ರಿ ಹೊತ್ತಿಗೆ ಎಜುಕೇಶನ್ ಲೋನ್ ಸಿಗುತ್ತೆ, ಮುಪ್ಪಿಗೆ ಯಾವ ಬ್ಯಾಂಕೂ ಲೋನ್ ಕೊಡಲ್ಲ ಅಂತ ಹಣಕಾಸಿನವರು ಹೇಳ್ತಾರೆ. ಮಾತು ನಿಜ, ಆದರೂ ಮಕ್ಕಳನ್ನ ಸಾಲಕ್ಕೆ ಹಿಡ್ಕೊಂಡು ಹೋಗುವ ವಾಕ್ಯಭಾಗವನ್ನ ಕೈಯಲ್ಲಿ ಹಿಡಿದು ಅದನ್ನ ಹಗುರವಾಗಿ ಹೇಳೋಕೆ ನನಗೆ ಮನಸ್ಸು ಬರಲ್ಲ. ಓದು ಮುಗಿದ ಮೇಲೆ ಬರಬಹುದಾದ ಸಂಬಳ ನೋಡಿ ಸಾಲ ಮಾಡಿ, ಕಾಲೇಜಿನ ಬಿಲ್ಡಿಂಗ್ ನೋಡಿ ಅಲ್ಲ.

ಕೆಲಸ ಬದಲಾಯಿಸಿದಾಗ ಪಿಎಫ್ ಎತ್ತಬೇಡಿ, ಅದೇ ಯುಎಎನ್‌ಗೆ ವರ್ಗ ಮಾಡಿಸಿ. ಆಗ ಪೆನ್ಷನ್ ಸರ್ವಿಸ್ ಮುರಿಯಲ್ಲ. ಐದು ವರ್ಷದೊಳಗೆ ಎತ್ತಿದರೆ ತೆರಿಗೆಯೂ ಬೀಳುತ್ತೆ. ಕಂಪನಿ ಕೊಡುವ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಇದ್ದಾರೆ ಅಂತ ನೆಮ್ಮದಿಯಾಗಿರುವವರು, ಲೇಆಫ್ ಆದ ದಿನ ಅದೂ ಹೋಗುತ್ತೆ ಅನ್ನೋದು ನೆನಪಿಡಿ. ಸ್ವಂತದ್ದು ಒಂದು ಮಾಡಿಸಿ. ಡೆಲಿವರಿ ಮಾಡುವ, ಆಟೋ ಓಡಿಸುವ ತಮ್ಮಂದಿರಿಗೆ ಪಿಎಫ್ ಇಲ್ಲ. ಅಟಲ್ ಪೆನ್ಷನ್ ಯೋಜನೆ ಇದೆ. 25ನೇ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 376 ರೂಪಾಯಿ, 60ರ ನಂತರ ತಿಂಗಳಿಗೆ 5,000. ಆ ಹೊತ್ತಿಗೆ ಐದು ಸಾವಿರ ಏನೂ ಸಾಲಲ್ಲ, ಒಪ್ತೀನಿ. ಅಮ್ಮನ ಸೊನ್ನೆಗಿಂತ ಜಾಸ್ತಿ. ಇನ್‌ಕಮ್ ಟ್ಯಾಕ್ಸ್ ಕಟ್ಟುವವರು ಅದಕ್ಕೆ ಸೇರೋ ಹಾಗಿಲ್ಲ, 2022ರ ಅಕ್ಟೋಬರ್‌ನಿಂದ.

ನಮ್ಮ ಮನೆಯಲ್ಲಿ ಏನು ಮಾಡಿದ್ವಿ? ಮಗಳು ಎರಡನೇ ಕ್ಲಾಸಿಗೆ ಬಂದಾಗ ಆ ಕುದುರೆ ಸ್ಕೂಲಿನಿಂದ ಬಿಡಿಸಿ, ಮನೆಯಿಂದ ನಡೆದು ಹೋಗುವಷ್ಟು ದೂರದ, ಫೀಸು ಮೂರನೇ ಒಂದು ಭಾಗ ಇರೋ ಸ್ಟೇಟ್ ಸಿಲಬಸ್ ಶಾಲೆಗೆ ಹಾಕಿದ್ವಿ. ಸುಲಭವಾಗಿರಲಿಲ್ಲ. ಹೆಂಡತಿ ಒಂದು ವಾರ ಅತ್ತಳು. ಸಭೆಯಲ್ಲೇ ಒಬ್ಬರು "ಪಾಸ್ಟರ್‌ಗೆ ಏನೋ ಕಷ್ಟ ಬಂದಿದೆ" ಅಂತ ಕಾಣಿಕೆ ಕವರ್ ತಂದುಕೊಟ್ಟರು. ಮಗಳು ಮೊದಲ ದಿನ ಬಂದು, "ಅಪ್ಪಾ, ಇಲ್ಲಿ ಫ್ಯಾನ್ ಸೌಂಡ್ ಮಾಡುತ್ತೆ" ಅಂದಳು. ಈಗ ಒಂಬತ್ತನೇ ಕ್ಲಾಸು. ಕೆಲವು ವಿಷಯದಲ್ಲಿ ಹಳೆಯ ಸ್ಕೂಲಿನ ಫ್ರೆಂಡ್ಸ್ ಮುಂದಿದ್ದಾರೆ, ಸುಳ್ಳು ಹೇಳಲ್ಲ. ಅವರ ಇಂಗ್ಲಿಷ್ ಕೇಳಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಉಳಿದ ಹಣದಲ್ಲಿ ಮೊದಲು ಕಾರಿನ ಸಾಲ ತೀರಿಸಿದ್ವಿ, ಆಮೇಲೆ ಅಮ್ಮನ ಹೆಸರಿನಲ್ಲಿ ಪೋಸ್ಟ್ ಆಫೀಸಿನಲ್ಲಿ ಒಂದು ಖಾತೆ ಮಾಡಿದ್ವಿ. ಬಡ್ಡಿ ಅವಳ ಕೈಗೇ ಬರುತ್ತೆ. ಅವಳು ನನ್ನ ಹತ್ತಿರ ಮಾತ್ರೆಗೆ ಕೇಳಬೇಕಾಗಿಲ್ಲ. ತಿಂಗಳ ಮೊದಲ ವಾರ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಪೀಣ್ಯಕ್ಕೆ ಹೋಗಿ ಹಳೆಯ ಲೈನಿನ ಗೆಳತಿಯರಿಗೆ ಕಾಫಿ ಕೊಡಿಸಿ ಬರ್ತಾಳೆ.

ಮೊನ್ನೆ ನನ್ನ ಪಿಎಫ್ ಪಾಸ್‌ಬುಕ್ ಫೋನಿನಲ್ಲಿ ತೆರೆದು ಅಮ್ಮನಿಗೆ ತೋರಿಸಿದೆ. ಹತ್ತು ವರ್ಷದಿಂದ ಮುಟ್ಟಿಲ್ಲ, ಪೆನ್ಷನ್‌ಗೆ ಹತ್ತು ವರ್ಷವೂ ತುಂಬಿದೆ. ಕನ್ನಡಕ ಏರಿಸಿ, ಸೊನ್ನೆಗಳನ್ನ ಬೆರಳಿಟ್ಟು ಎಣಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದ್ರಲ್ಲಿ ಪುಟ್ಟಿ ಕಾಲೇಜಿಗೆ ಎಷ್ಟು ತೆಗೀಬಹುದಪ್ಪಾ?"

ನಾನು ಫೋನ್ ಮುಚ್ಚಿದೆ.

ಆರಾಧನೆ ಮುಗಿದ ಮೇಲೆ ಹಿಂದಿನ ಟೇಬಲ್ ಹತ್ತಿರ ಅಕೌಂಟ್ಸ್‌ನಲ್ಲಿ ಕೆಲಸ ಮಾಡುವ ಇಬ್ಬರು ಸಿಸ್ಟರ್ಸ್ ಇರ್ತಾರೆ. ಯುಎಎನ್ ನಂಬರ್ ಗೊತ್ತಿಲ್ಲದವರು, ಹಳೆಯ ಕಂಪನಿಯ ಪಿಎಫ್ ಹಾಗೇ ಬಿಟ್ಟುಬಂದವರು, ನಾಮಿನಿ ಹಾಕದವರು ಅವರನ್ನ ನೋಡಿ, ಓಟಿಪಿ ಮಾತ್ರ ಯಾರಿಗೂ ಹೇಳಬೇಡಿ, ನೀವೇ ಒತ್ತಿ. ಗಾರ್ಮೆಂಟ್ಸ್ ಅಕ್ಕಂದಿರಿಗೆ ಪೀಣ್ಯದ ಸೆಲ್ ಮೀಟಿಂಗ್‌ನಲ್ಲಿ ಬುಧವಾರ ಸಂಜೆ ಏಳಕ್ಕೆ, ಶಿಫ್ಟ್ ಬಿಟ್ಟ ಮೇಲೆ. ಹಳೆಯ ಪಿಎಫ್ ಚೀಟಿ ಏನಿದ್ದರೂ ತನ್ನಿ, ಹರಿದಿದ್ದರೂ ಪರವಾಗಿಲ್ಲ. ಚೀಟಿ ಬರೆದವರು, ಹೆಸರು ಹೇಳೋದು ಬೇಡ, ಬಂದು ಕೂತ್ಕೊಳ್ಳಿ, ಮಗನ ಸ್ಕೂಲಿನ ಲೆಕ್ಕ ಒಟ್ಟಿಗೆ ಹಾಕೋಣ.

ಈಗ ಎದ್ದು ನಿಲ್ಲೋಣ. ನಿಮ್ಮ ತಂದೆತಾಯಿಯ ಹೆಸರು ಹೇಳಿ ಪ್ರಾರ್ಥನೆ ಶುರುಮಾಡಿ.